ಗಾಜು, ಕಲ್ಲು, ಕಣ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಅರ್ಧ ನನಗೆ, ಅರ್ಧ ಅಕ್ಕನಿಗೆ. ಹೊಸ ಓದುಗರಿಗೆ ಒಂದು ಮಾತು. ನಾನು ಕಣಭೌತಶಾಸ್ತ್ರದಲ್ಲಿ, ಅಂದರೆ ಪರಮಾಣುವಿಗಿಂತ ಸಣ್ಣ ಕಣಗಳ ಬಗ್ಗೆ, ಸಂಶೋಧನೆ ಮಾಡಿ, ಆಮೇಲೆ ಪಾಠ ಹೇಳಿದವಳು. ಅಕ್ಕ ಮೂವತ್ತು ವರ್ಷ ಚರ್ಚುಗಳ ಕಲೆ ಮತ್ತು ಕಟ್ಟಡಗಳನ್ನು ಅಧ್ಯಯನ ಮಾಡಿದವಳು. ಬರೆಯುವುದು ನಾನು. ಬರೆದದ್ದನ್ನು ಅವಳಿಗೆ ಓದಿ ಹೇಳಿಯೇ ಕಳಿಸುತ್ತೇನೆ.

ಪ್ರಶ್ನೆ: ಚರ್ಚ್ ಕಲೆ, ಕಣಭೌತಶಾಸ್ತ್ರ ಎರಡನ್ನೂ ಒಂದೇ ಅಂಕಣದಲ್ಲಿ ಬರೆಯುತ್ತೀರಿ. ನಿಜವಾಗಿ ಇವೆರಡಕ್ಕೂ ಸಂಬಂಧ ಇದೆಯೇ ಮೇಡಂ? ಅಥವಾ ನೀವು ಅಕ್ಕ-ತಂಗಿ ಅನ್ನುವುದಷ್ಟೇ ಸಂಬಂಧವೇ?

ಸಂಬಂಧ ಇದೆ. ಒಂದು ಕಿಟಕಿಯ ಕತೆ ಹೇಳುತ್ತೇನೆ, ಆಮೇಲೆ ನೀವೇ ಹೇಳಿ.

ಇಂಗ್ಲೆಂಡಿನ ಕ್ಯಾಂಟರ್‌ಬರಿ ಕೆಥೆಡ್ರಲ್‌ನಲ್ಲಿ ಯೇಸುವಿನ ಪೂರ್ವಜರನ್ನು ಬಣ್ಣದ ಗಾಜಿನಲ್ಲಿ ಚಿತ್ರಿಸಿದ ದೊಡ್ಡ ಸಾಲೊಂದಿದೆ. 1174ರಲ್ಲಿ ಆ ಚರ್ಚಿನ ಪೂರ್ವಭಾಗಕ್ಕೆ ಬೆಂಕಿ ಬಿತ್ತು. ಜರ್ವೇಸ್ ಎಂಬ ಸನ್ಯಾಸಿ ಅದನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾನೆ. ಮತ್ತೆ ಕಟ್ಟಲು ಬಂದ ಮೇಸ್ತ್ರಿ, ಸಾನ್ಸ್ ಊರಿನ ವಿಲಿಯಂ, ಸಾರುವೆಯಿಂದ ಬಿದ್ದು ಕೆಲಸ ಬಿಡಬೇಕಾಯಿತು. ಅವನ ನಂತರ ಇನ್ನೊಬ್ಬ ವಿಲಿಯಂ ಅದನ್ನು ಮುಗಿಸಿದ. ಹಾಗಾಗಿ ಪೂರ್ವಜರ ಕಿಟಕಿಗಳೂ ಬೆಂಕಿಯ ನಂತರದವೇ ಎಂದು ಎಲ್ಲರೂ ತಿಳಿದಿದ್ದರು.

ಮ್ಯಾಡೆಲೀನ್ ಕ್ಯಾವಿನೆಸ್ ಎಂಬ ಕಲಾ ಇತಿಹಾಸಕಾರ್ತಿಗೆ ಅನುಮಾನ ಬಂತು. ಆ ಸಾಲಿನಲ್ಲಿ ಕೆಲವರು ಬೇರೆಯವರ ಹಾಗಿಲ್ಲ. ಅವರಲ್ಲಿ ಪ್ರವಾದಿ ನಾಥಾನ್ ಒಬ್ಬ. ಅವನ ಉಡುಪಿನ ಮಡಿಕೆಗಳು, ಗೆರೆಗಳು ಹಳೆಯ ಕಾಲದವು. ಹೊಸ ಕಿಟಕಿಯ ಅಳತೆಗೆ ಹೊಂದಿಸಲು ಚಿತ್ರವನ್ನು ದೊಡ್ಡದು ಮಾಡಿದ ಗುರುತುಗಳೂ ಇವೆ. ಇವು ಬೆಂಕಿಗಿಂತ ಮೊದಲಿನವು, ಉಳಿಸಿಕೊಂಡು ಮತ್ತೆ ಬಳಸಿದ್ದಾರೆ ಎಂದು ಅವರು 1980ರ ದಶಕದಲ್ಲೇ ವಾದಿಸಿದರು. ಆದರೆ ಅದಕ್ಕೆ ಆಧಾರ ಕಣ್ಣು ಮಾತ್ರ.

2021ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಕೆಥೆಡ್ರಲ್‌ನ ಗಾಜು ತಜ್ಞರ ಜೊತೆ ಸೇರಿ ಇದನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಗಾಜಿಗೆ ಎಕ್ಸ್-ರೇ ಬಿಟ್ಟರೆ ಅದರೊಳಗಿನ ಒಂದೊಂದು ಧಾತುವೂ ತನ್ನದೇ ಶಕ್ತಿಯ ಎಕ್ಸ್-ರೇ ಹೊರಗೆ ಬಿಡುತ್ತದೆ. ಅದನ್ನು ಓದಿದರೆ ಗಾಜಿನಲ್ಲಿ ಏನೇನು ಎಷ್ಟೆಷ್ಟಿದೆ ಎಂದು ತಿಳಿಯುತ್ತದೆ. ಆಗಿನ ಗಾಜು ಮಾಡುತ್ತಿದ್ದದ್ದು ಮರಳು ಮತ್ತು ಮರದ ಬೂದಿಯಿಂದ. ಕಾಲ ಬದಲಾದ ಹಾಗೆ, ಜಾಗ ಬದಲಾದ ಹಾಗೆ ಬೂದಿ ಬದಲಾಗುತ್ತದೆ, ಗಾಜಿನ ಒಳಗುಟ್ಟೂ ಬದಲಾಗುತ್ತದೆ. ಕಷ್ಟ ಇದ್ದದ್ದು ಬೇರೆ ಕಡೆ. ಗಾಜಿನ ತುಂಡುಗಳ ಸುತ್ತ ಸೀಸದ ಪಟ್ಟಿಗಳು ಎದ್ದು ನಿಂತಿರುತ್ತವೆ, ಉಪಕರಣ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಅವರು ತ್ರೀಡಿ ಪ್ರಿಂಟರ್‌ನಲ್ಲಿ ಒಂದು ಜೋಡಣೆ ಮಾಡಿಕೊಂಡರು. ಗಾಜಿನ ಒಂದು ಚೂರನ್ನೂ ಕೀಳದೆ ಅಳೆದರು.

ನಾಥಾನ್ ಸೇರಿ ಕೆಲವು ಚಿತ್ರಗಳು 1130 ಮತ್ತು 1160ರ ನಡುವಿನವು ಎಂದು ಹೊರಬಂತು. ಕ್ಯಾವಿನೆಸ್ ಹೇಳಿದ್ದು ಸರಿ. ಇಂಗ್ಲೆಂಡಿನ ಅತಿ ಹಳೆಯ ಬಣ್ಣದ ಗಾಜುಗಳ ಸಾಲಿಗೆ ಅವು ಸೇರಿದವು. 1170ರಲ್ಲಿ ಇದೇ ಚರ್ಚಿನೊಳಗೆ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ಕೊಂದ ದಿನ ಆ ಗಾಜು ಅದೇ ಚರ್ಚಿನಲ್ಲಿ ಇತ್ತು ಅಂತಾಯಿತು! ಇದನ್ನು ಓದಿದ ರಾತ್ರಿ ಅಕ್ಕ ನನ್ನನ್ನು ಎಬ್ಬಿಸಿ ಹೇಳಿದಳು.

ಇದರಲ್ಲಿ ಕಣಭೌತಶಾಸ್ತ್ರ ಎಲ್ಲಿ ಬಂತು ಅಂತೀರಾ? ಇಂದಿನ ಇಂಥ ಕೈ ಉಪಕರಣಗಳಲ್ಲಿ ಸಾಮಾನ್ಯವಾಗಿ ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರ್ ಎಂಬ, ಕಣ ಅಥವಾ ಕಿರಣ ಬಂದದ್ದನ್ನು ಗುರುತಿಸುವ ಭಾಗ ಇರುತ್ತದೆ. ಅದನ್ನು 1983ರ ಹೊತ್ತಿಗೆ ಎಮಿಲಿಯೊ ಗಟ್ಟಿ ಮತ್ತು ಪಾವೆಲ್ ರೆಹಾಕ್ ಕಂಡುಹಿಡಿದದ್ದು ಕಣಗಳ ಹಾದಿ ಹಿಡಿಯಲು. ಆಮೇಲೆ ಅದು ಎಕ್ಸ್-ರೇ ಅಳೆಯಲು ಬಂತು, ಅಲ್ಲಿಂದ ಚರ್ಚಿನ ಕಿಟಕಿಗೂ ಬಂತು.

ಆದರೆ ನನಗೆ ಮುಖ್ಯ ಅನಿಸುವುದು ಬೇರೆ. ಉಪಕರಣ ತಾನಾಗಿ ನಾಥಾನನ ಹತ್ತಿರ ಹೋಗಲಿಲ್ಲ. ಅಲ್ಲಿ ಅಳೆಯಿರಿ ಎಂದು ಹೇಳಲು ಒಬ್ಬರು ಮೊದಲು ಬಹಳ ಹೊತ್ತು ನೋಡಿರಬೇಕಿತ್ತು. ಕಣಭೌತಶಾಸ್ತ್ರದಲ್ಲೂ ಹೀಗೇ. ಏನನ್ನು ಹುಡುಕಬೇಕು ಅಂತ ಗೊತ್ತಿಲ್ಲದವರಿಗೆ ಎಷ್ಟು ದೊಡ್ಡ ಯಂತ್ರ ಕೊಟ್ಟರೂ ಬರುವುದು ಅಂಕಿಗಳ ರಾಶಿ ಮಾತ್ರ.

ಪ್ರಶ್ನೆ: ಹಿಗ್ಸ್ ಕಣವನ್ನು 'ದೇವಕಣ' ಅನ್ನುತ್ತಾರಲ್ಲ, ಅದಕ್ಕೂ ಧರ್ಮಕ್ಕೂ ಏನು ನಂಟು?

ಏನೂ ಇಲ್ಲ. ಬೇರೆ ಕಣಗಳಿಗೆ ತೂಕ ಹೇಗೆ ಬರುತ್ತದೆ ಎಂಬ ಲೆಕ್ಕಕ್ಕೆ ಸೇರಿದ ಒಂದು ಕಣ ಅದು, ಅಷ್ಟೇ. 1993ರಲ್ಲಿ ಬಂದ ಒಂದು ಜನಪ್ರಿಯ ಪುಸ್ತಕದ ಹೆಸರಿನಿಂದ ಆ ಅಡ್ಡಹೆಸರು ಹರಡಿತು. ಕೆಲಸ ಮಾಡುವವರು ಅದನ್ನು ಬಳಸುವುದಿಲ್ಲ. ಕಣ ಸಿಕ್ಕ ಸುದ್ದಿಯನ್ನು ಯುರೋಪಿನ ಸರ್ನ್ ಎಂಬ ಕಣಭೌತಶಾಸ್ತ್ರ ಪ್ರಯೋಗಾಲಯ ಹೇಳಿದ್ದು 2012ರ ಜುಲೈ 4ರಂದು. ಹಿಗ್ಸ್ ಎಂದರೆ ಸಾಕು.

ಪ್ರಶ್ನೆ: ಹಳೆಯ ಚರ್ಚುಗಳ ಕಿಟಕಿ ಗಾಜು ಕೆಳಗೆ ದಪ್ಪ, ಮೇಲೆ ತೆಳು ಇರುತ್ತದಂತೆ. ಗಾಜು ದ್ರವ, ನೂರಾರು ವರ್ಷದಲ್ಲಿ ನಿಧಾನವಾಗಿ ಇಳಿದಿದೆ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ನಿಜವೇ?

ನಿಜ ಅಲ್ಲ. ನನಗೂ ಹಾಗೆಯೇ ಹೇಳಿಕೊಟ್ಟಿದ್ದರು. ನಾನೂ ಕೆಲವು ವರ್ಷ ಮಕ್ಕಳಿಗೆ ಹಾಗೇ ಹೇಳಿದ್ದೇನೆ. ಅದಕ್ಕೆ ಇದನ್ನು ಸರಿಪಡಿಸುವುದು ನನ್ನ ಕೆಲಸ ಅಂದುಕೊಂಡಿದ್ದೇನೆ.

ಆಗ ಗಾಜಿನ ಹಾಳೆಯನ್ನು ಊದಿ ಮಾಡುತ್ತಿದ್ದರು. ಉದ್ದನೆಯ ಕೊಳವೆಯ ತುದಿಯಲ್ಲಿ ಬಿಸಿ ಗಾಜು ಹಿಡಿದು ಊದಿ, ಸಿಲಿಂಡರಿನಂತೆ ಮಾಡಿ ಕತ್ತರಿಸಿ ಬಿಡಿಸುವುದು ಒಂದು ಬಗೆ. ತಿರುಗಿಸಿ ತಿರುಗಿಸಿ ತಟ್ಟೆಯಂತೆ ಹರಡಿಸುವುದು ಇನ್ನೊಂದು ಬಗೆ. ಎರಡರಲ್ಲೂ ದಪ್ಪ ಒಂದೇ ಸಮ ಬರುವುದಿಲ್ಲ. ದಪ್ಪ ಭಾಗ ಕೆಳಗೆ ಬಂದ ತುಂಡು ಇದೆ, ಮೇಲೆ ಬಂದದ್ದೂ ಇದೆ, ಪಕ್ಕಕ್ಕೆ ಬಂದದ್ದೂ ಇದೆ. ಕೆಳಗೆ ಬಂದದ್ದನ್ನು ಮಾತ್ರ ಜನ ನೆನಪಿಟ್ಟುಕೊಂಡರು, ಅಷ್ಟೆ.

ಲೆಕ್ಕವೂ ಆಗಿದೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನ ಮಧ್ಯಯುಗದ ಗಾಜಿನಂಥದ್ದೇ ಗಾಜನ್ನು ಮಾಡಿ, ಅದು ಎಷ್ಟು ಹರಿಯಬಲ್ಲದು ಎಂದು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಉತ್ತರ: ನೂರು ಕೋಟಿ ವರ್ಷದಲ್ಲಿ ಹೆಚ್ಚೆಂದರೆ ಒಂದು ನ್ಯಾನೊಮೀಟರ್. ನಮ್ಮ ಕೂದಲಿನ ದಪ್ಪವೇ ಸುಮಾರು 80 ಸಾವಿರ ನ್ಯಾನೊಮೀಟರ್ ಅಲ್ವಾ? ಕೆಥೆಡ್ರಲ್‌ಗಳಿಗೆ ಎಂಟುನೂರು ಒಂಬೈನೂರು ವರ್ಷ ಆಗಿರಬಹುದು, ಅಷ್ಟೇ.

ಅಕ್ಕ ಇಷ್ಟಕ್ಕೇ ಬಿಡಲಿಲ್ಲ. "ಹರಿಯೋದಿಲ್ಲ ಅಂತ ಹೇಳಿ ನಿಲ್ಲಿಸಬೇಡ. ಅದು ಸವೆಯುತ್ತೆ ಅಂತಲೂ ಬರಿ" ಎಂದಳು. ಮರದ ಬೂದಿಯ ಗಾಜಿನಲ್ಲಿ ಪೊಟ್ಯಾಶ್ ಜಾಸ್ತಿ. ಮಳೆನೀರು, ತೇವ ಅದನ್ನು ಹೊರಗೆ ಎಳೆಯುತ್ತವೆ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತದೆ, ಬಿಳಿ ಪೊರೆ ಕಟ್ಟುತ್ತದೆ. ಮುಖ, ಬಟ್ಟೆಯ ಗೆರೆಗಳನ್ನು ಲೋಹದ ಪುಡಿ ಮತ್ತು ಗಾಜಿನ ಪುಡಿ ಕಲಸಿದ ಕಪ್ಪು ಬಣ್ಣದಲ್ಲಿ ಬರೆದು ಸುಡುತ್ತಿದ್ದರು. ಆ ಗೆರೆ ಉದುರಿದರೆ ಚಿತ್ರ ಹೋದಂತೆಯೇ. ಕಿಟಕಿಯ ನಿಜವಾದ ಶತ್ರು ತೇವ.

ಪ್ರಶ್ನೆ: ಮ್ಯೂಆನ್ ಎಂಬ ಕಣದಿಂದ ಚರ್ಚಿನ ಗುಮ್ಮಟದ ಒಳಗೆ ನೋಡಬಹುದು ಎಂದು ಓದಿದೆ. ಕಲ್ಲು, ಇಟ್ಟಿಗೆ ದಾಟಿ ಹೋಗುವ ಕಿರಣ ಎಂದರೆ ಅಲ್ಲಿ ಓಡಾಡುವವರಿಗೆ ಅಪಾಯ ಅಲ್ಲವೇ?

ಈ ಪತ್ರ ಓದಿ ನನಗೆ ಬಹಳ ಖುಷಿಯಾಯಿತು. ಮ್ಯೂಆನ್ ನನ್ನ ಜೀವನದ ಕಣ. ನನ್ನ ಸಂಶೋಧನೆಯ ವರ್ಷಗಳೆಲ್ಲ ಅದನ್ನು ಎಣಿಸುವುದರಲ್ಲೇ ಕಳೆದವು.

ಅಪಾಯ ಇಲ್ಲ. ಯಾಕೆಂದರೆ ಯಾರೂ ಅದನ್ನು ಬಿಡುತ್ತಿಲ್ಲ, ಅದು ಮೇಲಿಂದ ತಾನಾಗೇ ಬೀಳುತ್ತಿದೆ. ಆಕಾಶದಿಂದ ಬರುವ ವೇಗದ ಪ್ರೋಟಾನುಗಳು ಎತ್ತರದ ಗಾಳಿಗೆ ಬಡಿದಾಗ ಮ್ಯೂಆನ್‌ಗಳು ಹುಟ್ಟುತ್ತವೆ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಅಂಗೈ ಚಾಚಿ ಒಂದು ನಿಮಿಷ ಇರಿ. ಸುಮಾರು ನೂರು ಮ್ಯೂಆನ್‌ಗಳು ಅದನ್ನು ದಾಟಿ ಹೋಗಿರುತ್ತವೆ.

ಎಲೆಕ್ಟ್ರಾನಿಗಿಂತ ಇದು ಸುಮಾರು 207 ಪಟ್ಟು ಭಾರ. ಆಯಸ್ಸು ಸರಾಸರಿ 2.2 ಮೈಕ್ರೊಸೆಕೆಂಡ್. ಆ ಲೆಕ್ಕದಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ ಏಳುನೂರು ಮೀಟರ್ ದಾಟುವ ಮೊದಲೇ ಮುಗಿಯಬೇಕು. ಹುಟ್ಟುವುದು ಮಾತ್ರ ಹತ್ತು ಹದಿನೈದು ಕಿಲೋಮೀಟರ್ ಮೇಲೆ. ಆದರೂ ನೆಲ ಮುಟ್ಟುತ್ತದೆ. ಅಷ್ಟು ವೇಗದಲ್ಲಿ ಹೋಗುವಾಗ ಅದರ ಗಡಿಯಾರ ನಮಗೆ ನಿಧಾನವಾಗಿ ಓಡುವಂತೆ ಕಾಣುತ್ತದೆ ಎಂದು ಐನ್‌ಸ್ಟೈನ್ ಸಾಪೇಕ್ಷತಾ ಸಿದ್ಧಾಂತ ಹೇಳುತ್ತದೆ. ಮೊದಲ ಸಲ ಡಿಟೆಕ್ಟರ್‌ನಲ್ಲಿ ಒಂದು ಮ್ಯೂಆನ್ ಮಿನುಗಿದ್ದು ನೋಡಿದಾಗ ನನಗೆ ಇದೇ ನೆನಪಾಯಿತು. ಕೈ ನಡುಗಿತ್ತು.

ಈಗ ಗುಮ್ಮಟ. ಇಟಲಿಯ ಫ್ಲಾರೆನ್ಸಿನ ಕೆಥೆಡ್ರಲ್ ಗುಮ್ಮಟವನ್ನು ಬ್ರುನೆಲ್ಲೆಸ್ಕಿ ಎಂಬ ವಾಸ್ತುಶಿಲ್ಪಿ 1420ರಿಂದ 1436ರವರೆಗೆ ಕಟ್ಟಿಸಿದ. ಒಂದರೊಳಗೆ ಒಂದು, ಎರಡು ಚಿಪ್ಪು. ಕೆಳಗಿನಿಂದ ಮರದ ಆಧಾರ ಕೊಡದೆ ಲಕ್ಷಾಂತರ ಇಟ್ಟಿಗೆಗಳನ್ನು ಮೇಲೇರಿಸಿದ. ಕೆಲಸದ ನಕ್ಷೆಗಳನ್ನು ಬಿಟ್ಟುಹೋಗಲಿಲ್ಲ. ಗುಮ್ಮಟದಲ್ಲಿ ಶತಮಾನಗಳಿಂದ ಬಿರುಕುಗಳಿವೆ. ಗೋಡೆಯೊಳಗೆ ಕಬ್ಬಿಣ ಎಲ್ಲಿದೆ, ಎಷ್ಟಿದೆ ಎಂದು ತಿಳಿದರೆ ಅದನ್ನು ಕಾಪಾಡುವವರಿಗೆ ಅನುಕೂಲ. ಕೊರೆದು ನೋಡುವ ಹಾಗಿಲ್ಲ.

ಮ್ಯೂಆನ್ ಒಂದು ವಸ್ತುವನ್ನು ದಾಟುವಾಗ ಚೂರು ಓರೆಯಾಗುತ್ತದೆ. ಇಟ್ಟಿಗೆಯಲ್ಲಿ ಕಡಿಮೆ, ಕಬ್ಬಿಣದಲ್ಲಿ ಜಾಸ್ತಿ. ಗೋಡೆಯ ಈ ಕಡೆ ಒಂದು, ಆ ಕಡೆ ಒಂದು ಡಿಟೆಕ್ಟರ್ ಇಟ್ಟು, ಹೋಗುವ ದಿಕ್ಕು ಬರುವ ದಿಕ್ಕು ಹೋಲಿಸುತ್ತಾ ಕೂತರೆ ಕಬ್ಬಿಣದ ನೆರಳು ಮೂಡುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದವರು ದಪ್ಪ ಗೋಡೆಯ ಮಾದರಿ ಮಾಡಿ, ಒಳಗೆ ಕಬ್ಬಿಣದ ಸರಳು ಇಟ್ಟು, ಇದು ಆಗುತ್ತದೆ ಎಂದು ತೋರಿಸಿ, ಈ ಗುಮ್ಮಟಕ್ಕೇ ಬಳಸುವ ಯೋಜನೆ ಮುಂದಿಟ್ಟರು. ಮ್ಯೂಆನ್‌ನಿಂದ ಒಳಗೆ ನೋಡುವುದು ಹೊಸದಲ್ಲ. 1960ರ ದಶಕದಲ್ಲೇ ಭೌತಶಾಸ್ತ್ರಜ್ಞ ಲೂಯಿಸ್ ಆಲ್ವರೆಜ್ ಈಜಿಪ್ಟಿನ ಖಫ್ರೆ ಪಿರಮಿಡ್ಡಿನ ಒಳಗೆ ಮ್ಯೂಆನ್ ಎಣಿಸಿ, ತಾನು ನೋಡಿದ ಭಾಗದಲ್ಲಿ ಗುಪ್ತ ಕೋಣೆ ಇಲ್ಲ ಎಂದು ತೋರಿಸಿದ್ದ. 2017ರಲ್ಲಿ ಖುಫು ಪಿರಮಿಡ್ಡಿನಲ್ಲಿ ಕನಿಷ್ಠ 30 ಮೀಟರ್ ಉದ್ದದ ಖಾಲಿ ಜಾಗ ಸಿಕ್ಕಿದ್ದೂ ಹೀಗೆಯೇ.

ಒಂದೇ ತೊಂದರೆ: ಕಾಯಬೇಕು. ಕಣಗಳು ಬರುವಷ್ಟೇ ಬರುತ್ತವೆ, ಅವಸರ ಮಾಡಿಸಲು ಆಗುವುದಿಲ್ಲ. ಒಂದು ಚಿತ್ರಕ್ಕೆ ವಾರಗಳೇ ಬೇಕು.

ಪ್ರಶ್ನೆ: 'ಐದು ಸಿಗ್ಮಾ' ಅಂದರೆ ಏನು? ಕಲಾ ಇತಿಹಾಸದಲ್ಲೂ ಅಂಥ ಅಳತೆಗೋಲು ಇದೆಯೇ?

ಹೊಸ ಕಣ ಇಲ್ಲವೇ ಇಲ್ಲ ಅಂದುಕೊಳ್ಳಿ. ಆಗಲೂ ಸುಮ್ನೆ ಆಕಸ್ಮಿಕವಾಗಿ ಲೆಕ್ಕದಲ್ಲಿ ಇಷ್ಟು ದೊಡ್ಡ ಉಬ್ಬು ಕಾಣುವ ಸಾಧ್ಯತೆ ಎಷ್ಟು? ಅದು ಸುಮಾರು 35 ಲಕ್ಷದಲ್ಲಿ ಒಂದಕ್ಕೆ ಇಳಿದರೆ ಐದು ಸಿಗ್ಮಾ. ಆಗ ಮಾತ್ರ 'ಕಂಡುಹಿಡಿದೆವು' ಎನ್ನಬಹುದು.

ಆದರೆ ಸಿಗ್ಮಾ ಆಕಸ್ಮಿಕದಿಂದ ಕಾಪಾಡುತ್ತದೆಯೇ ಹೊರತು ತಪ್ಪಿನಿಂದ ಅಲ್ಲ. 2011ರಲ್ಲಿ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸ್ಸೊಗೆ, ಸುಮಾರು 730 ಕಿಲೋಮೀಟರ್ ದೂರ, ನ್ಯೂಟ್ರಿನೊ ಎಂಬ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಕಂಡವು. ಬೆಳಕನ್ನು ಯಾವುದೂ ಮೀರಿಸಬಾರದು, ಆದರೂ ಲೆಕ್ಕದ ಪ್ರಕಾರ ಆರು ಸಿಗ್ಮಾ! ಕೊನೆಗೆ ಸಿಕ್ಕ ಮುಖ್ಯ ಕಾರಣ, ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲ್. ಆ ತಂಡದವರು ಅದನ್ನು ಮುಚ್ಚಿಡಲಿಲ್ಲ, ತಾವೇ ಹುಡುಕಿ ಹೇಳಿದರು. ಅದಕ್ಕೆ ಅವರ ಮೇಲೆ ನನಗೆ ಗೌರವ.

ನನಗೂ ಹೀಗಾಗಿದೆ. ವಿದ್ಯಾರ್ಥಿಯಾಗಿದ್ದಾಗ ಮ್ಯೂಆನ್ ಎಣಿಕೆಯಲ್ಲಿ ಇರಬಾರದ ಕಡೆ ಒಂದು ಉಬ್ಬು ಕಂಡಿತು. ಎರಡು ವಾರ ನಿದ್ದೆ ಇಲ್ಲ. ಕೊನೆಗೆ ನೋಡಿದರೆ ಒಂದು ಕೇಬಲ್ಲಿನ ಉದ್ದವನ್ನು ನೋಟ್‌ಬುಕ್ಕಿನಲ್ಲಿ ತಪ್ಪಾಗಿ ಬರೆದಿದ್ದೆ. ಅವತ್ತು ಅತ್ತುಬಿಟ್ಟೆ. ಅಕ್ಕ ಫೋನಿನಲ್ಲಿ ಒಂದೇ ಮಾತು ಕೇಳಿದಳು: "ಬೇರೆ ಸಾಕ್ಷಿ ಏನಿತ್ತು?"

ಅವಳ ಅಳತೆಗೋಲು ಅದೇ. ಶೈಲಿ ಒಂದು ಸಾಕ್ಷಿ. ಹಳೆಯ ಲೆಕ್ಕದ ಪುಸ್ತಕ, ಸನ್ಯಾಸಿಯ ಬರಹ ಇನ್ನೊಂದು. ಕಲ್ಲು, ಗಾಜು, ಮರ ಏನು ಹೇಳುತ್ತದೆ ಅನ್ನುವುದು ಮೂರನೆಯದು. ಒಂದಕ್ಕೊಂದು ಗೊತ್ತಿಲ್ಲದೆ ಮೂರೂ ಒಂದೇ ಮಾತು ಹೇಳಿದರೆ ನಂಬುತ್ತಾಳೆ. ಇದಕ್ಕೆ ಅಂಕಿ ಇಲ್ಲ. ಆದರೆ ಇದು ಸಿಗ್ಮಾಗಿಂತ ಸಡಿಲ ಎಂದು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಭೌತಶಾಸ್ತ್ರದ ಒಂದು ಲೇಖನಕ್ಕೆ ಸಾವಿರಾರು ಲೇಖಕರು ಹೇಗೆ ಸಾಧ್ಯ?

2015ರಲ್ಲಿ ಹಿಗ್ಸ್ ಕಣದ ತೂಕವನ್ನು ಇನ್ನೂ ನಿಖರವಾಗಿ ಹೇಳಿದ ಲೇಖನಕ್ಕೆ 5,154 ಲೇಖಕರು. 33 ಪುಟದ ಲೇಖನದಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳು. ಡಿಟೆಕ್ಟರ್ ಕಟ್ಟಿದವರು, ರಾತ್ರಿ ಪಾಳಿಯಲ್ಲಿ ಕೂತು ಕಾದವರು, ಪ್ರೋಗ್ರಾಂ ಬರೆದವರು, ಎಲ್ಲರೂ ಸೇರಿ. ಅವರಲ್ಲಿ ಒಬ್ಬರು ಇಲ್ಲದಿದ್ದರೂ ಎಲ್ಲೋ ಒಂದು ಕೊಂಡಿ ಸಡಿಲ. ಹೆಸರು ಹಾಕುವುದೇ ನ್ಯಾಯ.

ಅಕ್ಕನಿಗೆ ಈ ವಿಷಯದಲ್ಲಿ ಅಸೂಯೆ ಅಲ್ಲ, ಸಂಕಟ. ಅವಳು ಓದುವ ಕಟ್ಟಡಗಳನ್ನು ಕಟ್ಟಿದ ಸಾವಿರಾರು ಜನರಲ್ಲಿ ಹೆಸರು ಉಳಿದದ್ದು ಬೆರಳೆಣಿಕೆ. ಫ್ರಾನ್ಸಿನ ಅಮಿಯೆನ್ ಕೆಥೆಡ್ರಲ್‌ನ ಕೆಲಸ ಶುರುವಾದದ್ದು 1220ರಲ್ಲಿ. ಅಲ್ಲಿ ನೆಲದ ಮೇಲೆ ಹಾಸಿದ ಸುತ್ತುಬಳಸು ದಾರಿಯ ನಡುವಿನ ಕಲ್ಲಿನಲ್ಲಿ, 1288ರ ಬರಹದಲ್ಲಿ, ಮೂವರು ಮೇಸ್ತ್ರಿಗಳ ಹೆಸರಿದೆ: ರೋಬೇರ್ ದ ಲ್ಯುಝಾರ್ಶ್, ಥೋಮಾ ದ ಕೊರ್ಮೋಂ, ಅವನ ಮಗ ರೆನ್ಯೋ. ಕಲ್ಲು ಹೊತ್ತವರ, ಸುಣ್ಣ ಕಲಸಿದವರ ಹೆಸರಿಲ್ಲ. "ನಿಮ್ಮ 24 ಪುಟ ಅಲ್ಲೂ ಇರಬೇಕಿತ್ತು" ಎನ್ನುತ್ತಾಳೆ.

ಪ್ರಶ್ನೆ: ಒಂದು ಭೌತಶಾಸ್ತ್ರ ಪ್ರಯೋಗಾಲಯವನ್ನೇ ಚರ್ಚ್ ನೋಡಿ ಕಟ್ಟಿದ್ದಾರಂತೆ, ಹೌದೇ?

ಅಮೆರಿಕದ ಫರ್ಮಿಲ್ಯಾಬ್. ಅದರ ಮೊದಲ ನಿರ್ದೇಶಕ ರಾಬರ್ಟ್ ವಿಲ್ಸನ್ ಭೌತಶಾಸ್ತ್ರಜ್ಞನೂ ಹೌದು, ಶಿಲ್ಪಿಯೂ ಹೌದು. ಮುಖ್ಯ ಕಟ್ಟಡದ ಎರಡು ಎತ್ತರದ ಬದಿಗಳು ಮೇಲೆ ಹೋಗುತ್ತಾ ಹತ್ತಿರ ಬಾಗುತ್ತವೆ. ಫ್ರಾನ್ಸಿನ ಬೋವೆ ಕೆಥೆಡ್ರಲ್‌ನಿಂದ ಬಂದ ಸ್ಫೂರ್ತಿ ಅದು.

ಬೋವೆಯ ಒಳಗಿನ ಕಮಾನು ಚಾವಣಿ ಸುಮಾರು 48 ಮೀಟರ್ ಎತ್ತರ. ಗಾಥಿಕ್ ಚರ್ಚುಗಳಲ್ಲೇ ಅತಿ ಎತ್ತರದ್ದು. 1284ರಲ್ಲಿ ಅದರ ಒಂದು ಭಾಗ ಕುಸಿಯಿತು. ಆಮೇಲೆ ಕಟ್ಟಿದ ಗೋಪುರ 1573ರಲ್ಲಿ ಬಿತ್ತು. ಇವತ್ತಿಗೂ ಚರ್ಚು ಪೂರ್ತಿಯಾಗಿಲ್ಲ. ಇಷ್ಟು ಗೊತ್ತಿದ್ದೂ ವಿಲ್ಸನ್ ಅದನ್ನೇ ಆರಿಸಿಕೊಂಡ ಅನ್ನುವುದು ನನಗೆ ಬಹಳ ಇಷ್ಟ. 1969ರಲ್ಲಿ ಅಮೆರಿಕದ ಸಂಸತ್ತಿನಲ್ಲಿ, ಅಲ್ಲಿ ಕಟ್ಟಬೇಕಿದ್ದ, ಕಣಗಳನ್ನು ಭಾರಿ ವೇಗಕ್ಕೆ ಏರಿಸುವ ವೇಗವರ್ಧಕ ಯಂತ್ರದಿಂದ ದೇಶದ ರಕ್ಷಣೆಗೆ ಏನು ಉಪಯೋಗ ಎಂದು ಅವನನ್ನು ಕೇಳಿದರು. ನೇರ ಉಪಯೋಗ ಏನಿಲ್ಲ, ಆದರೆ ಕಾಪಾಡಲು ಯೋಗ್ಯವಾದ ದೇಶ ಆಗಲು ಇದು ನೆರವಾಗುತ್ತದೆ ಎಂಬ ಅರ್ಥದ ಉತ್ತರ ಕೊಟ್ಟ. ಹಣ ಸಿಕ್ಕಿತು.

ಪ್ರಶ್ನೆ: ನಾನು ಇತಿಹಾಸದಲ್ಲಿ ಬಿ.ಎ. ಮುಗಿಸಿದ್ದೇನೆ. ಚರ್ಚ್ ವಾಸ್ತುಶಿಲ್ಪದಲ್ಲಿ ಸಂಶೋಧನೆ ಮಾಡುವ ಆಸೆ. ಗಣಿತ, ವಿಜ್ಞಾನ ಬರುವುದಿಲ್ಲ. ಈಗ ಎಲ್ಲ ಲೇಸರ್, ಎಕ್ಸ್-ರೇ ಅನ್ನುತ್ತಾರೆ. ನನಗೆ ಜಾಗ ಇದೆಯೇ?

ಇದೆ ಮಗಳೇ. ಇದು ಅಕ್ಕನ ಉತ್ತರ, ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ.

ಪ್ಯಾರಿಸ್ಸಿನ ನೋತ್ರ್ ದಾಮ್‌ಗೆ 2019ರ ಏಪ್ರಿಲ್ 15ರಂದು ಬೆಂಕಿ ಬಿತ್ತು. ಅದಕ್ಕೂ ಮೊದಲೇ, 2010ರಲ್ಲಿ, ಆಂಡ್ರ್ಯೂ ಟ್ಯಾಲನ್ ಎಂಬ ಕಲಾ ಇತಿಹಾಸಕಾರ ಅದನ್ನು ಲೇಸರಿನಲ್ಲಿ ಅಳೆದಿಟ್ಟಿದ್ದ. ನೂರು ಕೋಟಿಗೂ ಹೆಚ್ಚು ಬಿಂದುಗಳು. ಅವನು 2018ರಲ್ಲಿ ತೀರಿಕೊಂಡ, ಬೆಂಕಿ ನೋಡಲಿಲ್ಲ. ಅವನಿಗೆ ಬೇಕಿದ್ದದ್ದು ಯಂತ್ರದ ಆಟ ಅಲ್ಲ. ಕಟ್ಟಿದವರು ಎಲ್ಲಿ ಕೈ ತಪ್ಪಿದರು, ಎಲ್ಲಿ ಸರಿಮಾಡಿಕೊಂಡರು ಅಂತ ಗೋಡೆಯ ಓರೆಯಲ್ಲಿ ಓದಬೇಕಿತ್ತು.

ಬೆಂಕಿಯ ನಂತರ ಗೋಡೆಗಳೊಳಗೆ ಕಲ್ಲು ಕಲ್ಲನ್ನು ಹಿಡಿದಿಟ್ಟ ಕಬ್ಬಿಣದ ಕೊಂಡಿಗಳು ಕಂಡವು. ಯಾವಾಗ ಹಾಕಿದ್ದು? ಮೊದಲಿಗೋ, ಆಮೇಲೆ ರಿಪೇರಿಗೋ? ಹಿಂದೆ ಕಬ್ಬಿಣ ಕರಗಿಸುತ್ತಿದ್ದದ್ದು ಇದ್ದಿಲಿನಲ್ಲಿ. ಆ ಇಂಗಾಲ ಚೂರು ಕಬ್ಬಿಣದೊಳಗೆ ಉಳಿಯುತ್ತದೆ. ಅದನ್ನು ಬೇರೆ ಮಾಡಿ, ವೇಗವರ್ಧಕ ಯಂತ್ರದಲ್ಲಿ ಕಾರ್ಬನ್-14 (ಕಾಲ ಕಳೆದಂತೆ ಗೊತ್ತಾದ ಲೆಕ್ಕದಲ್ಲಿ ಕಡಿಮೆಯಾಗುವ ಇಂಗಾಲದ ಒಂದು ಬಗೆ) ಪರಮಾಣುಗಳನ್ನು ಎಣಿಸಿ ಕಾಲ ಹೇಳಿದರು. 2023ರಲ್ಲಿ ಪ್ರಕಟವಾಯಿತು: 1160ರ ದಶಕದಿಂದಲೇ, ಅಂದರೆ ಕಟ್ಟುವಾಗಲೇ ಹಾಕಿದ್ದು. ಮೊದಲಿಂದಲೂ ಇಷ್ಟು ಕಬ್ಬಿಣ ಬಳಸಿದ ಗಾಥಿಕ್ ಕೆಥೆಡ್ರಲ್‌ಗಳಲ್ಲಿ ಇದೇ ಮೊದಲನೆಯದು ಎಂದು ಈಗ ತಿಳಿದಿದೆ. ಆ ಕೆಲಸದಲ್ಲಿ ಕಬ್ಬಿಣ ತಜ್ಞರೂ ಇದ್ದರು, ಇತಿಹಾಸ ಓದಿದವರೂ ಇದ್ದರು. ಪರಮಾಣು ಎಣಿಸುವವರಿಗೆ ಯಾವ ಕೊಂಡಿ ಕೊಡಬೇಕು ಅಂತ ಆರಿಸಲು ಕಟ್ಟಡ ಗೊತ್ತಿದ್ದವರು ಬೇಕು. ಅದು ನೀನು.

ಲ್ಯಾಟಿನ್ ಕಲಿ. ಫ್ರೆಂಚ್ ಅಥವಾ ಜರ್ಮನ್ ಒಂದನ್ನಾದರೂ ಓದುವಷ್ಟು ಕಲಿ. ಪೆನ್ಸಿಲ್ ಹಿಡಿದು ಬರೆಯಲು ಕಲಿ, ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ, ಕಣ್ಣು ನಿಲ್ಲುತ್ತದೆ. ಅಂಕಿಸಂಖ್ಯೆಯ ಬಗ್ಗೆ ಒಂದು ಸಣ್ಣ ಪಾಠ ಮಾಡಿಕೋ, ಬೇಕಾದರೆ ನನ್ನ ತಂಗಿ ಹೇಳಿಕೊಡುತ್ತಾಳೆ.

ಮತ್ತೆ ಇವತ್ತೇ ಒಂದು ಕೆಲಸ. ಹಳೆಯ ಬಣ್ಣದ ಗಾಜಿನ ಕಿಟಕಿಯ ಒಂದು ಒಳ್ಳೆಯ ಫೋಟೋ ಇಟ್ಟುಕೊಂಡು ಒಂದು ಗಂಟೆ ಕೂರು. ಸೀಸದ ಪಟ್ಟಿಗಳನ್ನು ಮಾತ್ರ ನೋಡು. ಹೆಚ್ಚಿನವು ಚಿತ್ರದ ಅಂಚಿನಲ್ಲೇ ಹೋಗುತ್ತವೆ. ಯಾವುದಾದರೂ ಪಟ್ಟಿ ಮುಖವನ್ನೋ ಕೈಯನ್ನೋ ಅಡ್ಡಾದಿಡ್ಡಿ ಸೀಳಿ ಹೋಗಿದ್ದರೆ, ಅಲ್ಲಿ ಬಹುಮಟ್ಟಿಗೆ ಗಾಜು ಒಡೆದಿದೆ, ಆಮೇಲೆ ಯಾರೋ ಕೂಡಿಸಿದ್ದಾರೆ. ಅಂಥವನ್ನು ಎಣಿಸಿ, ಎಲ್ಲೆಲ್ಲಿ ಅಂತ ಬರೆದು ಕಳಿಸು. ನಾನು ಕೂತು ಓದುತ್ತೇನೆ.